ಗ್ಲಸ್ಟರ್‌ಗೆ ಮುಂಚಿನ ಕೆಲಸ

ಬೆಂಗಳೂರಿನ ಎಂಜಿನಿಯರುಗಳೂ ಕೈಜೋಡಿಸಿ ಬೆಳೆಸಿದ, 2011ರಲ್ಲಿ ರೆಡ್ ಹ್ಯಾಟ್ ಕೊಂಡುಕೊಂಡ ಗ್ಲಸ್ಟರ್‌ಎಫ್‌ಎಸ್ ಅನ್ನು ಹಾಕುವುದು ಕಷ್ಟವೇನಲ್ಲ. ಕೆಲವೇ ಕಮಾಂಡ್‌ಗಳಲ್ಲಿ ಮೂರು ಸರ್ವರ್‌ಗಳ ಡಿಸ್ಕ್‌ಗಳು ಸೇರಿ ಒಂದೇ ಫೋಲ್ಡರ್‌ನಂತೆ ಕಾಣುತ್ತವೆ. ಅಡ್ಮಿನ್‌ನ ಕಸುಬು ಗೊತ್ತಾಗುವುದು ಅದಕ್ಕೂ ಮೊದಲು, ಬರೀ ಲಿನಕ್ಸ್ ಇರುವ ಯಂತ್ರಗಳನ್ನು ಅಣಿಗೊಳಿಸುವಾಗ.

ಪ್ರತಿ ಸರ್ವರ್‌ಗೂ ಉಳಿದೆರಡರ ಹೆಸರು, ವಿಳಾಸ ತಿಳಿದಿರಬೇಕು. ಕ್ರೋನಿ ಹಾಕಿ ಮೂರರ ಗಡಿಯಾರವನ್ನೂ ಹೊಂದಿಸಬೇಕು. ಇಲ್ಲದಿದ್ದರೆ ಲಾಗ್ ಓದುವಾಗ ಯಾವುದು ಮೊದಲಾಯಿತೆಂದೇ ತಿಳಿಯದು. ಫೈರ್‌ವಾಲ್‌ನಲ್ಲಿ 24007ನೇ ಪೋರ್ಟೂ, ಡೇಟಾ ಇಡುವ ಡೈರೆಕ್ಟರಿಗಳಾದ ಬ್ರಿಕ್‌ಗಳಿಗಾಗಿ 49152ರಿಂದ ಮೇಲಿನವೂ ತೆರೆದಿರಬೇಕು.

ನನಗೆ ತುಂಬ ಹಿಡಿಸುವುದು ಡಿಸ್ಕಿನ ಏರ್ಪಾಡು. ಡೇಟಾಕ್ಕೆಂದೇ ಬೇರೆ ಡಿಸ್ಕ್, ಅದರ ಮೇಲೆ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್, ಫೈಲಿನ ವಿವರ ಹಿಡಿದಿಡುವ ಇನೋಡ್‌ನ ಗಾತ್ರ 512 ಬೈಟ್. ಗ್ಲಸ್ಟರ್ ಪ್ರತಿ ಫೈಲಿನ ಲೆಕ್ಕಪತ್ರವನ್ನು ಅದರ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ಗಳಲ್ಲಿ ಇಡುವುದರಿಂದ ಅಷ್ಟು ಜಾಗ ಬೇಕು. ಇನ್ನೊಂದು ಜಾಣತನ: ಮೌಂಟ್ ಮಾಡಿದ ಜಾಗವನ್ನೇ ಬ್ರಿಕ್ ಎನ್ನದೆ, ಅದರೊಳಗೊಂದು ಡೈರೆಕ್ಟರಿ ಮಾಡಿ ಅದನ್ನು ಕೊಡುತ್ತಾರೆ. ರೀಬೂಟ್ ಆದಾಗ ಡಿಸ್ಕ್ ಮೌಂಟ್ ಆಗಲಿಲ್ಲ ಎನ್ನಿ. ಒಳಗಿನ ಡೈರೆಕ್ಟರಿಯೇ ಕಾಣದು, ಬ್ರಿಕ್ ಏಳುವುದೂ ಇಲ್ಲ. ಡೇಟಾ ಗೊತ್ತಿಲ್ಲದಂತೆ ರೂಟ್ ಪಾರ್ಟಿಷನ್ನಿಗೆ ಸೇರಿ ಅದನ್ನು ತುಂಬಿಬಿಡುವ ಅನಾಹುತ ತಪ್ಪಿತು. ಒಂದೇ ಒಂದು ಡೈರೆಕ್ಟರಿಯಿಂದ ಎಷ್ಟು ದೊಡ್ಡ ಕಾವಲು!

ರೂಟ್ ಪಾರ್ಟಿಷನ್ನಿನಲ್ಲೇ ಬ್ರಿಕ್ ಮಾಡಹೊರಟರೆ ಗ್ಲಸ್ಟರ್ ತಡೆಯುತ್ತದೆ. ಕಮಾಂಡಿನ ಕೊನೆಗೆ 'ಫೋರ್ಸ್' ಎಂದು ಸೇರಿಸಿದರೆ ಮಾತ್ರ ಒಪ್ಪುತ್ತದೆ. ಅವಸರದವರು ಸೇರಿಸಿಬಿಡುತ್ತಾರೆ. ಬಲ್ಲವರು ಆ ಪ್ರಮೇಯವೇ ಬರದಂತೆ ಮೊದಲೇ ನೋಡಿಕೊಂಡಿರುತ್ತಾರೆ.