ಎಕ್ಸ್ ಎಂಬ ಚಿಹ್ನೆಯ ಸೊಗಸು

ಕಂಪ್ಯೂಟರ್ ಜಾಲ ಕೈಕೊಟ್ಟಾಗ ಎಂಜಿನಿಯರ್‌ಗೆ ಮೊದಲು ನೆನಪಾಗುವುದು ಪಿಂಗ್, ಆಮೇಲೆ ಟ್ರೇಸ್‌ರೂಟ್. ಒಂದು ಪ್ಯಾಕೆಟ್ ಕಳಿಸಿ ಕಾಯುವುದು. ಮುಟ್ಟಿತೆನ್ನಿ, ಆ ಒಂದು ಮುಟ್ಟಿತು ಎಂದಷ್ಟೇ ತಿಳಿದ ಹಾಗಾಯಿತು. ಪ್ಯಾಕೆಟ್ಟಿನ ತಲೆಯಲ್ಲಿರುವ ಐಪಿ ಆವೃತ್ತಿ 4ರ ಹೆಡರ್ ಕಡಿಮೆಯೆಂದರೂ 160 ಬಿಟ್; ಅದರೊಳಗಿನ ಒಂದು ವಿಳಾಸಕ್ಕೇ ನಾನೂರು ಕೋಟಿಗೆ ಮಿಕ್ಕಿದ ಸಾಧ್ಯತೆಗಳು. ಎಲ್ಲವನ್ನೂ ಕಳಿಸಿ ನೋಡಲು ಯಾರಿಗೆ ಪುರಸೊತ್ತು?

ಪೇಮನ್ ಕಾಜೆಮಿಯನ್, ಜಾರ್ಜ್ ವರ್ಗೀಸ್, ನಿಕ್ ಮೆಕ್‌ಕಿಯೋನ್ ಇದಕ್ಕೆ ಉತ್ತರವಾಗಿ 2012ರಲ್ಲಿ ಪ್ರಕಟಿಸಿದ ‘ಹೆಡರ್ ಸ್ಪೇಸ್ ಅನಾಲಿಸಿಸ್’ ಪ್ರಬಂಧವನ್ನು ನಾನು ಮತ್ತೆ ಮತ್ತೆ ತೆರೆಯುವುದು ಉಪಯೋಗಕ್ಕಲ್ಲ, ಚಂದಕ್ಕೆ. ಅದರ ಜಾಣತನ ಇರುವುದು ಮರೆಯುವುದರಲ್ಲಿ. ಹೆಡರ್‌ನಲ್ಲಿ ಯಾವುದು ವಿಳಾಸ, ಯಾವುದು ಪೋರ್ಟ್ ಸಂಖ್ಯೆ ಎಂಬುದನ್ನೆಲ್ಲ ಅವರು ಬದಿಗೆ ಸರಿಸುತ್ತಾರೆ. ಉಳಿಯುವುದು ಸೊನ್ನೆ ಒಂದುಗಳ ಸಾಲು. ಎಷ್ಟು ಬಿಟ್ಟೋ ಅಷ್ಟು ಆಯಾಮಗಳ ಆಕಾಶ. ಪ್ಯಾಕೆಟ್ಟೊಂದು ಅಲ್ಲಿ ಒಂದು ಬಿಂದು. ರೂಟರ್, ಸ್ವಿಚ್, ಫೈರ್‌ವಾಲ್ ಎಲ್ಲವೂ ಬಿಂದುಗಳನ್ನು ಅಲ್ಲಿಂದಿಲ್ಲಿಗೆ ಸರಿಸುವ ಫಂಕ್ಷನ್‌ಗಳು.

ಇನ್ನು ಎಕ್ಸ್. ಸೊನ್ನೆಯೂ ಆದೀತು, ಒಂದೂ ಆದೀತು ಎನ್ನುವ ಕಡೆ ಎಕ್ಸ್. ಬರೀ ಎಕ್ಸ್‌ಗಳ ಒಂದು ಹೆಡರ್ ಬರೆದರೆ ಇರಬಹುದಾದ ಪ್ಯಾಕೆಟ್‌ಗಳನ್ನೆಲ್ಲ ಬರೆದ ಹಾಗೆ. ಅದನ್ನು ಜಾಲದ ಒಂದು ಬಾಗಿಲಲ್ಲಿ ಒಳಬಿಟ್ಟು ಹಿಂಬಾಲಿಸಬೇಕು. ನಿಯಮ ಎದುರಾದಲ್ಲೆಲ್ಲ ಕೆಲವು ಎಕ್ಸ್‌ಗಳು ಸೊನ್ನೆಯಾಗಿಯೋ ಒಂದಾಗಿಯೋ ಗಟ್ಟಿಗೊಳ್ಳುತ್ತವೆ. ಗುಂಪು ಒಡೆದು ಕವಲಾಗುತ್ತದೆ. ಒಂದೇ ಬಿಟ್ಟಿಗೆ ಒಂದು ನಿಯಮ ಸೊನ್ನೆಯನ್ನೂ ಇನ್ನೊಂದು ಒಂದನ್ನೂ ಕೇಳಿದರೆ ಆ ಕವಲು ಅಲ್ಲಿಗೇ ಬತ್ತಿತು. ನನಗೆ ಕಾವ್ಯಮೀಮಾಂಸಕ ಭಟ್ಟನಾಯಕನ ಸಾಧಾರಣೀಕರಣ ನೆನಪಾಗುತ್ತದೆ: ರಂಗದ ಮೇಲಿನ ಶೋಕ ಇಂಥವನದು, ಇಂಥ ಕಾಲದ್ದು ಎಂಬ ಗುರುತು ಕಳಚಿದಾಗಲೇ ಸಹೃದಯನದಾಗುವುದು.

ನನಗೆ ಅತಿ ಪ್ರಿಯವಾದದ್ದು ಸುತ್ತುಗಳನ್ನು, ಅಂದರೆ ಪ್ಯಾಕೆಟ್ ಹೊರಟಲ್ಲಿಗೇ ಮರಳುವ ದಾರಿಗಳನ್ನು, ಹಿಡಿಯುವ ಬಗೆ. ಸುತ್ತು ಹಾಕಿ ಅದೇ ಬಾಗಿಲಿಗೆ ಮರಳಿದ ಗುಂಪನ್ನು ಅದು ಹೊರಟಾಗಿನ ಗುಂಪಿನೊಂದಿಗೆ ಹೋಲಿಸುತ್ತಾರೆ. ಮರಳಿದ್ದು ಹೊರಟದ್ದರೊಳಗೆ ಪೂರಾ ಅಡಗಿದರೆ ಸುತ್ತಿಗೆ ಕೊನೆಯಿಲ್ಲ. ಎರಡಕ್ಕೂ ಸಂಬಂಧವೇ ಇಲ್ಲದಿದ್ದರೆ ಭಯವಿಲ್ಲ. ಅತ್ತಲೂ ಅಲ್ಲ, ಇತ್ತಲೂ ಅಲ್ಲ ಎಂದರೆ ಇನ್ನೊಂದು ಸುತ್ತು ಓಡಿಸಿ. ಇಷ್ಟೇ! ಗಣಗಳ ಪಾಠ ಕಲಿತ ಹೈಸ್ಕೂಲ್ ಹುಡುಗಿಗೂ ಎಟಕುವ ವಾದ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬೆನ್ನೆಲುಬು ಜಾಲಕ್ಕೆ ಇದನ್ನು ಹಚ್ಚಿದರು: ಏಳೂವರೆ ಲಕ್ಷಕ್ಕೂ ಹೆಚ್ಚು ಫಾರ್ವರ್ಡಿಂಗ್ ನಮೂದುಗಳು. ಹಾಸೆಲ್ ಎಂಬ ಅವರ ಸಾಧನ ಹತ್ತು ನಿಮಿಷದೊಳಗೆ ಸುತ್ತುಗಳನ್ನೆಲ್ಲ ಹೆಕ್ಕಿತು. ಅವು ಹುಟ್ಟಿದ ಬಗೆ ಹೀಗೆ: ಎರಡು ವಿಎಲ್ಯಾನ್‌ಗಳು (ಒಂದೇ ಜಾಲದೊಳಗೆ ಬೇರ್ಪಡಿಸಿದ ಉಪಜಾಲಗಳು), ತಂತಮ್ಮ ಮಟ್ಟಿಗೆ ಯಾವುದರಲ್ಲೂ ಸುತ್ತಿಲ್ಲ. ಒಂದರ ಅಂಚಿಗೆ ಬಂದ ಪ್ಯಾಕೆಟ್ ಇನ್ನೊಂದಕ್ಕೆ ದಾಟಿ, ಅದರ ಅಂಚಿನಿಂದ ಮತ್ತೆ ಮೊದಲಿನದಕ್ಕೇ. ಇಬ್ಬರು ಸಜ್ಜನರ ನಡುವೆ ಹುಟ್ಟಿದ ತಪ್ಪು. ನಿಜದ ಜಾಲದಲ್ಲಿ ಟಿಟಿಎಲ್ ಎಣಿಕೆ ಇಳಿಯುತ್ತ ಬಂದು ಅಲೆಯುವ ಪ್ಯಾಕೆಟ್ಟನ್ನು ಮುಗಿಸಿಬಿಡುತ್ತದೆ, ಹಾಗಾಗಿ ದೂರು ಕೊಡಲು ಯಾರೂ ಉಳಿಯುವುದಿಲ್ಲ.

ಕೊರತೆ ಇಲ್ಲವೆಂದಲ್ಲ. ಈ ವಿಧಾನ ನೋಡುವುದು ಆ ಕ್ಷಣದ ಜಾಲವನ್ನು. ನಾಳೆ ಒಂದು ತಂತಿ ಕಡಿದರೆ ಲೆಕ್ಕ ಮತ್ತೆ ಮಾಡಬೇಕು. ಆಮೇಲೆ ಬಂದ ವೆರಿಫ್ಲೋ, ಬ್ಯಾಟ್‌ಫಿಷ್, ನೆಟ್‌ಕ್ಯಾಟ್ ಎಂಬ ಜಾಲ ಪರಿಶೀಲನೆಯ ಯತ್ನಗಳೆಲ್ಲ ಒಂದೊಂದು ದಿಕ್ಕಿನಲ್ಲಿ ಮುಂದೆ ಹೋಗಿವೆ. ಆದರೂ ಓದಿನ ಸುಖಕ್ಕೆ ನನ್ನ ಮತ ಇದಕ್ಕೇ. ಪ್ರಬಂಧ ಯೂಸ್‌ನಿಕ್ಸ್ ತಾಣದಲ್ಲಿ ಉಚಿತವಾಗಿದೆ. ಪಿಯುಸಿಯ ಬೂಲಿಯನ್ ಬೀಜಗಣಿತ ಪೂರ್ತಿ ಮರೆತಿಲ್ಲವಾದರೆ ಒಂದು ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ.