ಸೇನೆಯ ಗ್ರಾಸವೂ ವಣಿಜರೂ: ಅರ್ಥಶಾಸ್ತ್ರದ ಒಂದು ವಿಧಿಯ ವಿಮರ್ಶೆ

ಯುದ್ಧವರ್ಣನೆಯೆಂದರೆ ಶಂಖನಾದ, ಶರವರ್ಷ, ದ್ವಂದ್ವಯುದ್ಧಗಳೆಂಬುದು ಕಾವ್ಯಾಭ್ಯಾಸಿಗಳಲ್ಲಿ ರೂಢವಾದ ಭಾವನೆ. ಆದರೆ ಮಹಾಭಾರತದ ಉದ್ಯೋಗಪರ್ವದಲ್ಲಿ ಪಾಂಡವರ ಪಾಳೆಯವು ಹೊರಡುವಾಗ ಅದರೊಡನೆ ಬಂಡಿಗಳೂ ಅಂಗಡಿಗಳೂ ಬೊಕ್ಕಸವೂ ವೈದ್ಯರೂ ಹೊರಡುತ್ತಾರೆ. ಕವಿಯು ಒಂದು ಮಾತಿನಲ್ಲಿ ಮುಗಿಸಿದ ಈ ವಿಷಯವನ್ನು ಶಾಸ್ತ್ರಕಾರನು ವಿಸ್ತರಿಸಿದ್ದಾನೆ. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಹತ್ತನೆಯ ಅಧಿಕರಣವಾದ ಸಾಂಗ್ರಾಮಿಕವೇ ಇದಕ್ಕೆ ಮುಖ್ಯ ಆಕರ.

ಸೇನೆಗೆ ಬೇಕಾದುದನ್ನೆಲ್ಲ ಕೌಟಿಲ್ಯನು ವರ್ತಕರಿಗೆ ಒಪ್ಪಿಸಿದನೆಂದು ಪೂರ್ವಪಕ್ಷವನ್ನು ಹೂಡಬಹುದು. ಸ್ಕಂಧಾವಾರದಲ್ಲಿ ಹೆದ್ದಾರಿಯ ಪಕ್ಕದಲ್ಲಿ ವಣಿಜರಿಗೆ ಸ್ಥಳವನ್ನು ವಿಧಿಸಿರುವುದು ಇದಕ್ಕೆ ಆಧಾರವಾಗಿ ತೋರುತ್ತದೆ. ಆದರೆ ಮುಂದಿನ ಪ್ರಕರಣಗಳನ್ನು ನೋಡಿದರೆ ಈ ಪಕ್ಷವು ನಿಲ್ಲುವುದಿಲ್ಲ. ದಾರಿಯ ಹಳ್ಳಿ, ಕಾಡುಗಳಲ್ಲಿ ದೊರೆಯುವ ಹುಲ್ಲು, ಸೌದೆ, ನೀರುಗಳನ್ನು ಮೊದಲೇ ಲೆಕ್ಕಹಾಕಿ ಬೀಡುಗಳನ್ನು ಗೊತ್ತುಮಾಡಬೇಕು. ಆಹಾರಸಾಮಗ್ರಿಯನ್ನು ಅಗತ್ಯಕ್ಕೆ ಎರಡರಷ್ಟು ಹೊರಿಸಬೇಕು. ವಾಹನಗಳು ಸಾಲದಿದ್ದರೆ ಸೈನಿಕರಿಂದಲೇ ಹೊರಿಸಬೇಕು, ಇಲ್ಲವೆ ನಡುನಡುವೆ ಕೂಡಿಡಬೇಕು. ಯಂತ್ರ, ಆಯುಧ, ಕವಚ, ಗ್ರಾಸಗಳ ಸಾಗಣೆಯು ವಿಷ್ಟಿಯ ಕೆಲಸ, ಎಂದರೆ ಅರಸನ ಅಧೀನದಲ್ಲಿರುವ ಆಳುಗಳ ಕೆಲಸ. ಆದುದರಿಂದ ಹೊರುವುದು ರಾಜ್ಯದ ಕರ್ತವ್ಯ, ಮಾರುವುದು ಮಾತ್ರ ವಣಿಜರ ವೃತ್ತಿ ಎಂಬುದೇ ಸಿದ್ಧಾಂತ. ಈ ವಿಭಾಗವು ಪ್ರಶಂಸಾರ್ಹವಾದುದು.

ಇನ್ನು ದೋಷದ ವಿಚಾರ. ಐದನೆಯ ಅಧಿಕರಣದಲ್ಲಿ, ಭೃತ್ಯರ ಭರಣವನ್ನು ಹೇಳುವೆಡೆಯಲ್ಲಿ, ಒಂದು ವಿಲಕ್ಷಣವಾದ ವಿಧಿಯಿದೆ. ವರ್ತಕರ ವೇಷದ ರಾಜಪುರುಷರು ದಂಡಯಾತ್ರೆಯ ಕಾಲದಲ್ಲಿ ಸೈನಿಕರಿಗೆ ಸರಕುಗಳನ್ನು ಕೊಟ್ಟು ಎರಡರಷ್ಟನ್ನು ಹಿಂದಕ್ಕೆ ಪಡೆಯಬೇಕಂತೆ. ಇದರಿಂದ ಅರಸನ ಸರಕೂ ಮಾರಾಟವಾಗುತ್ತದೆ, ಕೊಟ್ಟ ವೇತನವೂ ಬೊಕ್ಕಸಕ್ಕೆ ಮರಳುತ್ತದೆ ಎಂದು ಪ್ರಯೋಜನವನ್ನೂ ಹೇಳಿದೆ. ಆದರೆ ಇದೇ ಶಾಸ್ತ್ರಕಾರನು ನಾಲ್ಕನೆಯ ಅಧಿಕರಣದಲ್ಲಿ ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ ಸರಕಿಗೆ ನೂರಕ್ಕೆ 10ಕ್ಕಿಂತ ಹೆಚ್ಚು ಲಾಭವನ್ನು ವರ್ತಕನು ಪಡೆಯಬಾರದೆಂದು ಕಟ್ಟುಮಾಡಿದ್ದಾನೆ. ವರ್ತಕರನ್ನು ಕಳ್ಳರೆಂಬ ಹೆಸರಿಲ್ಲದ ಕಳ್ಳರ ಸಾಲಿಗೆ ಸೇರಿಸಿದ್ದಾನೆ. ಪ್ರಜೆಗಳ ವಿಷಯದಲ್ಲಿ ಕಳ್ಳತನವೆನಿಸಿದುದು ಸೈನಿಕರ ವಿಷಯದಲ್ಲಿ ಉಪಾಯವೆನಿಸುವುದು ಹೇಗೆ? ವೇತನ ದೊರೆಯದಿರುವುದನ್ನು ಸೇನೆಯ ವ್ಯಸನಗಳಲ್ಲಿ ಒಂದೆಂದು ಎಂಟನೆಯ ಅಧಿಕರಣದಲ್ಲಿ ಎಣಿಸಿರುವಾಗ, ಕೊಟ್ಟ ವೇತನವನ್ನು ವೇಷದಿಂದ ಕಸಿದುಕೊಳ್ಳುವುದು ಆ ವ್ಯಸನವನ್ನು ತಾನೇ ತಂದುಕೊಂಡಂತೆ. ಇಲ್ಲಿ ಪೂರ್ವಾಪರವಿರೋಧವು ಸ್ಪಷ್ಟವಾಗಿದೆ.

ಯುದ್ಧಕಾಲದಲ್ಲಿ ಬೆಲೆಯೇರುವುದು ಸಹಜವೆಂದೂ, ಆ ಲಾಭವು ಅನ್ಯರಿಗೆ ಹೋಗುವ ಬದಲು ಅರಸನಿಗೆ ಸೇರಲೆಂಬುದೇ ಆಶಯವೆಂದೂ ಸಮಾಧಾನ ಹೇಳಬಹುದು. ಈ ಸಮಾಧಾನವನ್ನು ಕನ್ನಡನಾಡಿನಲ್ಲೇ ನಡೆದ ಒಂದು ದಂಡಯಾತ್ರೆಯಿಂದ ಪರೀಕ್ಷಿಸಬಹುದು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಸಮೀಪದವರೆಗೆ ಬಂದು ಅರಕೆರೆಯ ಬಳಿ ಗೆದ್ದರೂ, ಎತ್ತುಗಳು ಸತ್ತು ಧಾನ್ಯ ತೀರಿದ್ದರಿಂದ, ಕೋಟೆಯೊಡೆಯುವ ದೊಡ್ಡ ಫಿರಂಗಿಗಳನ್ನು ತಾನೇ ನಾಶಗೊಳಿಸಿ ಹಿಂದಿರುಗಬೇಕಾಯಿತು. ಆ ದಾರಿಯಲ್ಲಿ ಪರಶುರಾಮಭಾವು, ಹರಿಪಂತರ ಮರಾಠಾ ದಂಡುಗಳು ಎದುರಾದವು. ಅವುಗಳೊಡನೆ ಬಂದ ಬಜಾರಿನಲ್ಲಿ ಧಾನ್ಯವು ದುಬಾರಿಯಾಗಿದ್ದರೂ ದೊರೆಯಿತು, ಹಸಿದವರು ಬದುಕಿದರು. 1792ರ ಫೆಬ್ರವರಿಯಲ್ಲಿ ಅದೇ ಸೇನಾಪತಿಯು ಮರಳಿ ಬಂದಾಗ ಧಾನ್ಯಕ್ಕೆ ಅಂಥ ಅಭಾವವಿರಲಿಲ್ಲ. ಹೇರೆತ್ತುಗಳ ಮೇಲೆ ಧಾನ್ಯ, ಉಪ್ಪುಗಳನ್ನು ಹೇರಿಕೊಂಡು ಸಂಸಾರಸಮೇತರಾಗಿ ಸಂಚರಿಸುತ್ತಿದ್ದ ಬಣಜಾರರನ್ನು ಕ್ಯಾಪ್ಟನ್ ರೀಡನು ಒಲಿಸಿಕೊಂಡಿದ್ದುದು ಅದಕ್ಕೆ ಒಂದು ಕಾರಣ.

ಮರಾಠಾ ಬಜಾರಿನ ದುಬಾರಿ ಬೆಲೆಗೂ ಅರ್ಥಶಾಸ್ತ್ರದ ಇಮ್ಮಡಿ ಬೆಲೆಗೂ ಇರುವ ಅಂತರವು ಇಲ್ಲಿ ವ್ಯಕ್ತವಾಗುತ್ತದೆ. ಮೊದಲನೆಯದು ಎತ್ತು ಸತ್ತರೆ, ಕೊಳ್ಳೆಯಾದರೆ ನಷ್ಟವನ್ನು ತಾನೇ ಹೊರುವವನ ಬೆಲೆ. ಆ ಬೆಲೆಯ ಆಸೆಯಿಂದಲೇ ಇನ್ನೊಬ್ಬನೂ ಧಾನ್ಯವನ್ನು ಹೇರಿಕೊಂಡು ಬರುತ್ತಾನೆ. ಎರಡನೆಯದರಲ್ಲಿ ನಷ್ಟವನ್ನು ಹೊರುವ ವರ್ತಕನೇ ಇಲ್ಲ. ಸರಕು ಅರಸನದು, ಹೊತ್ತವರು ಅರಸನ ಆಳುಗಳು, ಕೊಂಡವನು ಅರಸನಿಗಾಗಿ ಪ್ರಾಣ ಕೊಡುವವನು. ಈ ಬೆಲೆಯಿಂದ ಪಾಳೆಯಕ್ಕೆ ಒಂದು ಹೇರು ಧಾನ್ಯವೂ ಹೆಚ್ಚಾಗಿ ಬರುವುದಿಲ್ಲ. ಅಲ್ಲದೆ ವೇಷದ ವರ್ತಕನಿರುವ ಪಾಳೆಯಕ್ಕೆ ನಿಜವಾದ ವರ್ತಕನು ನಂಬಿ ಬರಲಾರನು.

ಹಾಗೆಂದು ಎಲ್ಲವನ್ನೂ ವರ್ತಕರಿಗೆ ಬಿಟ್ಟುಬಿಡಬಹುದೆಂದು ಅರ್ಥವಲ್ಲ. ಬಣಜಾರನು ಧಾನ್ಯವನ್ನು ತಂದಾನು. ಫಿರಂಗಿಯನ್ನು ಹೊತ್ತಿಗೆ ಸರಿಯಾಗಿ ಎಳೆದು ತರುವ ಹೊಣೆ ಅವನದಲ್ಲ. ಮೈಸೂರಿನ ಅರಸರು ಇದನ್ನು ಬಲ್ಲವರಾಗಿದ್ದರು. ಚಿಕ್ಕದೇವರಾಜರ ಕಾಲದ ಬೆಣ್ಣೆಚಾವಡಿಯೇ ಟೀಪುವಿನ ಕಾಲದಲ್ಲಿ ಅಮೃತಮಹಲೆಂಬ ಹೆಸರನ್ನು ಪಡೆದು, ಸೇನೆಗೆ ರಾಜ್ಯದ ಸ್ವಂತ ಎತ್ತುಗಳನ್ನು ಒದಗಿಸಿತು. ಟೀಪುವನ್ನು ಸೋಲಿಸಿದ ಇಂಗ್ಲಿಷರೇ 1813ರಲ್ಲಿ ಆ ತಳಿಯ ಪಾಲನೆಯನ್ನು ತಮ್ಮ ವಶಕ್ಕೆ ತೆಗೆದುಕೊಂಡುದು ಅದರ ಮಹತ್ತ್ವಕ್ಕೆ ಸಾಕ್ಷಿ.

ಈ ಪ್ರಶ್ನೆಯು ಗತಕಾಲದ್ದಲ್ಲ. ಅಮೆರಿಕದ ಭೂಸೈನ್ಯವು 1985ರಲ್ಲಿ ಖಾಸಗಿ ಗುತ್ತಿಗೆದಾರರಿಂದ ಸೇನೆಯ ಪೂರೈಕೆಯನ್ನು ನಡೆಸಲು ಒಂದು ಸ್ಥಿರವಾದ ಏರ್ಪಾಡನ್ನೇ ಮಾಡಿಕೊಂಡಿತು. ಯಾವುದನ್ನು ರಾಜ್ಯವೇ ಹೊರಬೇಕು, ಯಾವುದನ್ನು ಬೆಲೆ ಕೊಟ್ಟು ತರಿಸಬಹುದು ಎಂಬ ವಿವೇಕಕ್ಕೆ ಸಾಂಗ್ರಾಮಿಕಾಧಿಕರಣವು ಇಂದಿಗೂ ಉತ್ತಮ ಪಾಠ. ಆದರೆ ಅದನ್ನು ಬೋಧಿಸುವವರು ಐದನೆಯ ಅಧಿಕರಣದ ಆ ವಿಧಿಯನ್ನು ಚಾಣಾಕ್ಷತೆಯ ನಿದರ್ಶನವೆಂದು ಕೊಂಡಾಡದೆ, ಬೊಕ್ಕಸದ ಮೇಲಿನ ಮೋಹವು ಶಾಸ್ತ್ರಕಾರನ ಬುದ್ಧಿಯನ್ನು ಮರೆಮಾಡಿದ ಎಡೆಯೆಂದೇ ತೋರಿಸಿಕೊಡಬೇಕು.