ಕತ್ತರಿಯ ಹಿಂದೆಯೇ ಕುಂಚ

ದ್ರಾಕ್ಷಿ ಎಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ. ಕನಕಪುರದಿಂದ ಸಂಗಮದ ದಿಕ್ಕಿಗಿರುವ ಉಯ್ಯಂಬಳ್ಳಿ ಹೋಬಳಿಯದು ರಾಗಿ, ಮಾವು, ಹಿಪ್ಪುನೇರಳೆಯ ಬದುಕು. ಇಲ್ಲಿ ಹಿತ್ತಲಲ್ಲೋ ತೋಟದ ಮೂಲೆಯಲ್ಲೋ ನಾಲ್ಕು ಬೆಂಗಳೂರು ನೀಲಿ ಬಳ್ಳಿ ಹಬ್ಬಿಸಿದ ಹವ್ಯಾಸಿಗೆ ಸಿಗುವ ಸಲಹೆಯೆಲ್ಲ ಆ ಕಡೆಯದು, ಅದರಲ್ಲೂ ಹೆಚ್ಚಿನದು ಎಲೆಯ ರೋಗದ್ದು. ಬೂದಿ ರೋಗವೋ ಬೂಜು ತುಪ್ಪಟವೋ ಕಂಡರೆ ಪಂಪು ಹೆಗಲೇರುತ್ತದೆ. ಹಳೆಯ ಬಳ್ಳಿಯ ತೋಳುಗಳನ್ನು ಒಂದೊಂದಾಗಿ ಒಣಗಿಸುವ ಶಿಲೀಂಧ್ರ ಮಾತ್ರ ಕಾಂಡದೊಳಗೆ ಕೂತಿರುತ್ತದೆ. ಪಂಪು ಅಲ್ಲಿಗೆ ತಲುಪುವುದಿಲ್ಲ. ಅದನ್ನು ತಡೆಯಬೇಕಾದದ್ದು ಕತ್ತರಿ ಬಿದ್ದ ಗಾಯದಲ್ಲಿ, ಕತ್ತರಿ ಬಿದ್ದ ದಿನವೇ.

ಬಿಸಿಲ ಸೀಮೆಯಲ್ಲಿ ಹೀಗೆ ತೋಳು ಒಣಗಿಸುವ ಶಿಲೀಂಧ್ರಗಳಲ್ಲಿ ಮುಂದಿರುವುದು ಲ್ಯಾಸಿಯೋಡಿಪ್ಲೋಡಿಯಾ ಥಿಯೋಬ್ರೋಮೆ. ಹಳೆಯ ಪುಸ್ತಕಗಳಲ್ಲಿ ಬೋಟ್ರಿಯೋಡಿಪ್ಲೋಡಿಯಾ. ಪ್ರೂನಿಂಗ್ ಆಗಿ ಅಕ್ಕಪಕ್ಕದ ಕಣ್ಣೆಲ್ಲ ಒಡೆದಿದ್ದರೂ ಒಂದು ತೋಳು ಸುಮ್ಮನಿದ್ದರೆ ಅನುಮಾನ ಪಡಬೇಕು. ಆ ತೋಳನ್ನು ಗರಗಸದಿಂದ ಅಡ್ಡ ಕೊಯ್ದು ನೋಡಿ: ಬಿಳುಪು ಮರದ ನಡುವೆ ಬೆಣೆಯಂಥ ಕಂದು ಪಟ್ಟಿ, ಚೂಪು ತುದಿ ತಿರುಳಿನ ಕಡೆಗೆ, ಅಗಲ ತೊಗಟೆಯ ಕಡೆಗೆ. ಒಣ ತೊಗಟೆಯ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳಿರಬಹುದು. ಮಳೆಗೆ ನೆನೆದಾಗ ಅವು ಬೀಜಕಗಳನ್ನು ಉಗುಳುತ್ತವೆ, ಹನಿ ಸಿಡಿದಲ್ಲೆಲ್ಲ ಹಸಿ ಗಾಯ ಸಿಕ್ಕರೆ ಒಳಹೊಗುತ್ತವೆ. ಸುತ್ತ ದ್ರಾಕ್ಷಿ ತೋಟವಿಲ್ಲ, ರೋಗ ಎಲ್ಲಿಂದ ಬಂದೀತು ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಮಾವಿನ ಕೊಂಬೆಯನ್ನು ತುದಿಯಿಂದ ಒಣಗಿಸುವುದು ಇದೇ ಶಿಲೀಂಧ್ರ. ಹಿಪ್ಪುನೇರಳೆಯ ಬೇರುಕೊಳೆಯಲ್ಲೂ ಇದರ ಕೈಯಿದೆ. ಚಪ್ಪರದ ಪಕ್ಕ ಒಟ್ಟಿದ ಮಾವಿನ ಒಣ ಸೌದೆ ಬಳ್ಳಿಗೆ ಶತ್ರುವಿನ ಉಗ್ರಾಣವೇ ಸರಿ.

ಹಾಗಾದರೆ ಯಾವ ಗಾಯ ಅಪಾಯದ್ದು? ವಿಜಯಪುರದ ಥಾಮ್ಸನ್ ತಳಿಯ ಬೆಳೆಗಾರರು ಏಪ್ರಿಲ್ ಚಾಟನಿಯಲ್ಲಿ, ಅಂದರೆ ಪ್ರೂನಿಂಗಿನಲ್ಲಿ, ಕಡ್ಡಿಯನ್ನು ಒಂದೇ ಕಣ್ಣಿಗೆ ಇಳಿಸುತ್ತಾರೆ, ಅಕ್ಟೋಬರಿನಲ್ಲಿ ಹಲವು ಕಣ್ಣು ಉಳಿಸಿ ತುದಿ ಸವರುತ್ತಾರೆ. ಅಕ್ಟೋಬರಿನ ಗಾಯ ತೋಳಿನಿಂದ ದೂರ. ಅಲ್ಲಿ ಹೊಕ್ಕ ಶಿಲೀಂಧ್ರ ತೋಳು ಮುಟ್ಟುವ ಮೊದಲೇ ಏಪ್ರಿಲ್ ಕತ್ತರಿ ಬಿದ್ದರೆ ರೋಗ ಕಡ್ಡಿಯೊಡನೆ ಆಚೆ ಹೋಗುತ್ತದೆ. ಕ್ಯಾಲಿಫೋರ್ನಿಯಾದವರು ಮೊದಲು ಉದ್ದ ಬಿಟ್ಟು, ಆಮೇಲೆ ಗಿಡ್ಡ ಕತ್ತರಿಸಿ ಬೇಕೆಂದೇ ಪಡೆಯುವ ಲಾಭ ನಮ್ಮ ಬೆಳೆಗಾರರ ವಾಡಿಕೆಯಲ್ಲೇ ಇದೆ. ಬೆಂಗಳೂರು ನೀಲಿಗೆ ಈ ಅನುಕೂಲ ಅಷ್ಟಾಗಿ ಇಲ್ಲ. ವರ್ಷಕ್ಕೆ ಎರಡು ಪ್ರೂನಿಂಗ್, ಎರಡೂ ಫಸಲಿಗೆ. ಎರಡು ಸಲದ ಗಾಯವೂ ಲೆಕ್ಕಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಸವರಿದರೆ ಅಶ್ವಿನಿ, ಭರಣಿ ಮಳೆ; ಅಕ್ಟೋಬರಿನಲ್ಲಾದರೆ ಚಿತ್ತಾ, ಸ್ವಾತಿ. ಕತ್ತರಿಸಿದ ಮೊದಲ ದಿನಗಳಲ್ಲಿ ಗಾಯಕ್ಕೆ ಅಪಾಯ ಹೆಚ್ಚು, ಬರಬರುತ್ತ ಕಡಿಮೆ. ಆದ್ದರಿಂದ ಪಂಚಾಂಗದ ದಿನಕ್ಕಿಂತ ಮೋಡ ನೋಡಿ ಕತ್ತರಿ ಹಿಡಿಯುವುದು ಲೇಸು.

ಬುಡಕ್ಕೆ ಔಷಧಿ ಸುರಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸತ್ತ ಮರದಲ್ಲಿ ರಸ ಹರಿಯುವುದಿಲ್ಲ. ರಸ ಹರಿಯದಲ್ಲಿಗೆ ಔಷಧಿಯೂ ಹೋಗುವುದಿಲ್ಲ. ಫ್ರಾನ್ಸಿನವರು ಕಾಂಡದ ರೋಗಕ್ಕೆ ಬಹುಕಾಲ ನೆಚ್ಚಿದ್ದು ಸೋಡಿಯಂ ಆರ್ಸೆನೈಟ್ ಎಂಬ ವಿಷವನ್ನು. 2001ರಲ್ಲಿ ಅದು ನಿಷೇಧವಾದ ಮೇಲೆ ಅಷ್ಟೇ ಕೆಲಸ ಮಾಡುವ ಇನ್ನೊಂದು ಔಷಧಿ ಅವರಿಗೂ ಸಿಕ್ಕಿಲ್ಲ. ಅದೇ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ ಬೋರ್ಡೋ ಮಿಶ್ರಣ, 1908ರಲ್ಲಿ ಮೈಸೂರಿಗೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರಿಂದ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಮದ್ದಾದದ್ದು, ಇಲ್ಲಿ ಮುಲಾಮಿನ ರೂಪದಲ್ಲಿ ಒದಗುತ್ತದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ಜೋರು ಮಳೆಗೆ ಅದು ತೊಳೆದುಹೋಗುತ್ತದೆ, ಒಣಗಿ ಬಿರುಕೂ ಬಿಡುತ್ತದೆ, ಮತ್ತೆ ಬಳಿಯಬೇಕು. ಟ್ರೈಕೋಡರ್ಮಾ ಬಳಿಯುವುದು ಇನ್ನೊಂದು ದಾರಿ. ಅದು ಜೀವಂತ ಶಿಲೀಂಧ್ರವಾದ್ದರಿಂದ ಬೇರೂರಲು ಕೆಲವು ದಿನ ಬೇಕು, ಅಷ್ಟರಲ್ಲಿ ಮಳೆ ಬಂದರೆ ಗಾಯ ಬಯಲು. ಎರಡನ್ನೂ ಒಂದೇ ಗಾಯಕ್ಕೆ ಬಳಿದರೆ ತಾಮ್ರಕ್ಕೆ ಸಿಕ್ಕಿ ಟ್ರೈಕೋಡರ್ಮಾ ಸಾಯುತ್ತದೆ.

ಗಾಯಗಾಯಕ್ಕೂ ಕುಂಚ ಹಿಡಿಯಲು ಆಳೆಲ್ಲಿ ಎಂಬುದು ನ್ಯಾಯವಾದ ಆಕ್ಷೇಪ. ಎಕರೆಗಟ್ಟಲೆ ತೋಟದಲ್ಲಿ ತೋಳಿನ, ಕಾಂಡದ ದೊಡ್ಡ ಗಾಯಗಳಿಗಷ್ಟೇ ಬಳಿಯಬಹುದು; ನಾಲ್ಕು ಬಳ್ಳಿಯ ಹವ್ಯಾಸಿಗೆ ಈ ನೆಪವೂ ಇಲ್ಲ. ಇನ್ನೊಂದು ಮಾತು ಉಯ್ಯಂಬಳ್ಳಿಯಂಥ ಊರಿಗೇ ಸೇರಿದ್ದು. ಪಂಪಿನ ಔಷಧಿ ಗಾಳಿಗೆ ತೇಲಿ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಹುಳುಮನೆಗೆ ಕೇಡು. ಕುಂಚದ ಮುಲಾಮು ಗಾಯ ಬಿಟ್ಟು ಕದಲುವುದಿಲ್ಲ.

ರೋಗ ಆಗಲೇ ಹೊಕ್ಕಿದ್ದರೆ ಕರುಣೆ ತೋರಿಸಬಾರದು. ಕಂದು ಮುಗಿದು ಬಿಳುಪು ಮರ ಸಿಗುವವರೆಗೆ, ಅದರ ಮೇಲೂ ಒಂದು ಗೇಣು ಕೆಳಕ್ಕೆ ಕೊಯ್ದು ಹೊಸ ಚಿಗುರನ್ನು ಚಪ್ಪರಕ್ಕೆ ಹತ್ತಿಸಬೇಕು. ಬೆಂಗಳೂರು ನೀಲಿ ಸಾಮಾನ್ಯವಾಗಿ ಸ್ವಂತ ಬೇರಿನ ಮೇಲೆ ನಿಂತ ಬಳ್ಳಿ, ನೆಲಮಟ್ಟಕ್ಕೆ ಕೊಯ್ದರೂ ಬರುವ ಚಿಗುರು ಅದೇ ಜಾತಿಯದು. ಡಾಗ್‌ರಿಡ್ಜ್ ಎಂಬ ಬೇರುಗಿಡದ ಮೇಲೆ ಕಸಿ ಕಟ್ಟಿದ ಬಳ್ಳಿಯನ್ನು ಕಸಿಯ ಗಂಟಿನ ಕೆಳಗೆ ಕೊಯ್ದರೆ ಉಳಿಯುವುದು ಡಾಗ್‌ರಿಡ್ಜ್ ಮಾತ್ರ. ಕೊಯ್ದ ತುಂಡುಗಳನ್ನು ಅಂದೇ ಒಲೆಗೆ ಹಾಕಬೇಕು. ಇದೇ ಶಿಲೀಂಧ್ರಕ್ಕೆ ಮನೆಯಾಗಬಲ್ಲ ಹಿಪ್ಪುನೇರಳೆಯನ್ನು ವರ್ಷಕ್ಕೆ ಹಲವು ಸಲ ಕಟಾವು ಮಾಡುವವರಿಗೆ ಪ್ರತಿ ಬುಡಕ್ಕೂ ಮುಲಾಮು ಬಳಿಯಿರಿ ಎನ್ನಲಾಗದು. ಚಪ್ಪರವನ್ನೇ ಆ ಸಾಲುಗಳಿಂದ ದೂರಕ್ಕೆ, ಮನೆಯ ಇನ್ನೊಂದು ಮಗ್ಗುಲಿಗೆ ಹಾಕಿಕೊಳ್ಳುವುದು ಸುಲಭ.